ಕಾಳು ಕೋಣಕ್ಕೆ, ಕಟ್ಟು ನಮಗೆ

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಪರಿಚಯದವರು ಎದುರಾದರೆ ಮೊದಲೆಲ್ಲ "ಉಂಡಾಯ್ತಾ?" ಎಂದು ಕೇಳುತ್ತಿದ್ದರು. ಆಯ್ತು ಎಂದರೆ ಮಾತು ಮಳೆಗೋ ಮೀನಿನ ರೇಟಿಗೋ ಹೋಗುತ್ತಿತ್ತು. ಈಗ ಆಯ್ತು ಎಂದರೆ ಎದುರಿನವರ ಕಣ್ಣು ನೇರ ನನ್ನ ಅಂಗಿಯ ನಾಲ್ಕನೇ ಗುಂಡಿಗೆ ಹೋಗುತ್ತದೆ. ಪಾಪ, ಆ ಗುಂಡಿ ಒಂದೇ ನೂಲಿನಲ್ಲಿ ಸಂಸಾರ ನಡೆಸುತ್ತಿದೆ. "ಹ್ವಾಯ್, ಪ್ರೋಟೀನ್ ಗೀಟೀನ್ ತಿಂತ್ರ್ಯಾ ಇಲ್ಯಾ?" ಎನ್ನುವುದು ಮುಂದಿನ ವಿಚಾರಣೆ.

ಹೀಗೆ ನಾನೂ ಒಂದು ಜಿಮ್ಮಿನ ಮೆಟ್ಟಿಲು ಹತ್ತಿದೆ. ಅಲ್ಲಿನ ಹುಡುಗ ನನ್ನನ್ನು ತಕ್ಕಡಿಗೆ ಹತ್ತಿಸಿ 80 ಕಿಲೋ ಎಂದು ಬರೆದುಕೊಂಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ ಲೆಕ್ಕದಲ್ಲಿ ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಅಂದರೆ ನನಗೆ 66 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಕಿಲೋಗೆ 1.6 ಗ್ರಾಂ, ಅಂದರೆ 128. "ನಿಮ್ದು 128 ಅಂತ ಇಟ್ಕೊಳ್ವ ಸರ್" ಎಂದು ಹುಡುಗ ಜಾಗದ ಬ್ರೋಕರನಂತೆ ಹೇಳಿ ಒಂದು ಪಟ್ಟಿ ಕೊಟ್ಟ. ಓಟ್ಸ್, ಬ್ರೊಕೊಲಿ, ಚಿಕನ್ ಬ್ರೆಸ್ಟ್, ಮೊಟ್ಟೆಯ ಬಿಳಿ ಮಾತ್ರ, ಜೊತೆಗೆ ಬಕೆಟಿನಷ್ಟು ದೊಡ್ಡ ಡಬ್ಬಿಯ ವೇ ಪೌಡರ್.

ಪಟ್ಟಿ ಅಮ್ಮನ ಕೈಗೆ ಸಿಕ್ಕಿತು. ಅವರು ತಡೆದು ನಿಂತದ್ದು ಮೊಟ್ಟೆಯ ಹತ್ತಿರ.

"ಹಳದಿ ಬಿಸಾಕುದಾ? ಹಂಗಾರೆ ಕೋಳಿ ಎಂತಕ್ ಇಡೀ ಮೊಟ್ಟಿ ಹಾಕುದ್?"

ಹುಡುಗನ ಬಳಿ ಇದಕ್ಕೆ ಉತ್ತರ ಇರಲಿಲ್ಲ. ನಿಜಕ್ಕೂ ಒಂದು ಮೊಟ್ಟೆಯ ಆರು ಗ್ರಾಂ ಚಿಲ್ಲರೆ ಪ್ರೋಟೀನಿನಲ್ಲಿ ಎರಡೂವರೆ ಗ್ರಾಮಿಗಿಂತ ಹೆಚ್ಚು ಆ ಹಳದಿಯಲ್ಲೇ ಇದೆ. ಕೋಳಿಯ ಪರವಾಗಿ ಅಮ್ಮ ಗೆದ್ದರು.

ನಮ್ಮ ಕರಾವಳಿಯಲ್ಲಿ ಪ್ರೋಟೀನನ್ನು ಹುಡುಕಿಕೊಂಡು ಹೋಗಬೇಕಾದ್ದೇ ಇಲ್ಲ. ಅದು ಗಂಗೊಳ್ಳಿ ಬಂದರಿನಿಂದ ಬುಟ್ಟಿಯಲ್ಲಿ ಕೂತು "ಬಂಗ್ಡಿ ಇತ್ತ್ ಕಾಣಿ" ಎಂದು ಕೂಗುತ್ತಾ ಗೇಟಿನವರೆಗೆ ಬರುತ್ತದೆ. ಬಂಗುಡೆ, ಬೂತಾಯಿ ಎರಡರಲ್ಲೂ ನೂರು ಗ್ರಾಂ ಮಾಂಸಕ್ಕೆ ಸುಮಾರು 20 ಗ್ರಾಂ ಪ್ರೋಟೀನ್. ಸಮಸ್ಯೆ ಶುರುವಾಗುವುದು ಗೇಟಿನಿಂದ ಒಳಗೆ. ಎರಡು ಬಂಗುಡೆಯ ಗಸಿಗೆ ಒಂದು ಕಾಯಿ ಬೀಳುತ್ತದೆ. ಹಸಿ ತೆಂಗಿನಕಾಯಿಯಲ್ಲಿ ನೂರು ಗ್ರಾಮಿಗೆ 33 ಗ್ರಾಂ ಕೊಬ್ಬು, ಪ್ರೋಟೀನ್ ಬರೀ ಮೂರು. ಆ ಗಸಿ ಖಾಲಿಯಾಗಬೇಕಾದರೆ ಕುಚ್ಚಲಕ್ಕಿ ಅನ್ನ ಎರಡು ಸಲ ಬಡಿಸಿಕೊಳ್ಳಬೇಕು. ಅನ್ನ ಖಾಲಿಯಾಗಬೇಕಾದರೆ ಮತ್ತೆ ಗಸಿ ಬೇಕು. ಇದು ಎಲ್ಲಿ ನಿಲ್ಲುತ್ತದೆ ಎಂಬುದು ನನ್ನ ನಾಲ್ಕನೇ ಗುಂಡಿಗೆ ಗೊತ್ತು. ಕೋಳಿಯ ಕಥೆಯೂ ಇಷ್ಟೆ. ಚರ್ಮ ತೆಗೆದ ಎದೆಯ ಮಾಂಸ ಬೆಂದಾಗ ನೂರು ಗ್ರಾಮಿಗೆ 31 ಗ್ರಾಂ ಪ್ರೋಟೀನ್ ಕೊಡುತ್ತದೆ, ಕೊಬ್ಬು ಅತ್ಯಲ್ಪ. ಆದರೆ ಅದನ್ನು ತುಪ್ಪದಲ್ಲಿ ಕೆಂಪಗೆ ಹುರಿದು ಘೀ ರೋಸ್ಟ್ ಎಂದು ಜಗತ್ತಿಗೆ ಕೊಟ್ಟ ಊರು ನಮ್ಮದು. ಅದಕ್ಕೆ ಪಶ್ಚಾತ್ತಾಪ ಪಡಲು ನಾನು ತಯಾರಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಮೀನಿನ ರೇಟು ಕೇಳಿದರೆ ಹಸಿವೇ ಇಂಗುವ ಕಾಲವದು. ಆಗ ಅಟ್ಟದಿಂದ ಇಳಿಯುವುದು ಒಣ ಮೀನು, ಡಬ್ಬದಿಂದ ಇಳಿಯುವುದು ಹುಳ್ಳಿ. ಪೇಟೆಯವರು ಹುರುಳಿ ಎನ್ನುತ್ತಾರೆ.

ಈ ಹುಳ್ಳಿಯ ವಿಷಯದಲ್ಲಿ ನಮ್ಮವರು ತಲೆತಲಾಂತರದಿಂದ ಒಂದು ದೊಡ್ಡ ಅನ್ಯಾಯವನ್ನು ನಗುನಗುತ್ತಾ ಮಾಡಿಕೊಂಡು ಬಂದಿದ್ದಾರೆ. ಕಾಳಿನಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬೇಯಿಸಿ, ಸೋಸಿ, ಕಟ್ಟನ್ನು ಸಾರು ಮಾಡಿ ನಾವು ಅನ್ನಕ್ಕೆ ಸುರಿದುಕೊಳ್ಳುತ್ತಿದ್ದೆವು. ಬೆಂದ ಕಾಳು ಹಟ್ಟಿಗೆ ಹೋಗುತ್ತಿತ್ತು! ತಗ್ಗರ್ಸೆಯಲ್ಲೋ ವಂಡಾರಿನಲ್ಲೋ ಕಂಬಳದ ದಿನ ಗದ್ದೆಗಿಳಿಯುವ ಕೋಣಗಳನ್ನು ಒಮ್ಮೆ ನೋಡಿ. ಭುಜ, ತೊಡೆ, ಬೆನ್ನು ಎಲ್ಲ ಬಿಡಿಸಿಟ್ಟ ಹಾಗೆ ಕಾಣುತ್ತವೆ. ಹೊಟ್ಟೆ ಎಲ್ಲಿಯೂ ಜೋಲುವುದಿಲ್ಲ. ಅವಕ್ಕೆ ಹುರುಳಿ ಹೊಟ್ಟೆಯೊಳಗೆ, ಎಣ್ಣೆ ಮೈಮೇಲೆ. ನಮಗೆ ಎಣ್ಣೆ ಹೊಟ್ಟೆಯೊಳಗೆ, ಹುರುಳಿಯ ಪರಿಮಳ ಮಾತ್ರ ಮೂಗಿಗೆ. ಗದ್ದೆಯ ಬದುವಿನಲ್ಲಿ ನಿಂತು "ಎಂತ ಬಾಡಿ ಮಾರಾಯ್ರೆ!" ಎಂದು ಕೂಗಿ, ಮರುದಿನ ಡಬ್ಬಿಯ ಪುಡಿಗೆ ಸಾಲ ಮಾಡುವ ಪ್ರಾಣಿ ನಾವೊಬ್ಬರೇ.

ಪಕ್ಕದ ಮನೆಯ ಭಟ್ಟರು ಸಸ್ಯಾಹಾರಿಗಳು. ಅವರಿಗೂ ಇಲ್ಲಿ ಕೊರತೆಯಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಉದ್ದು, ಹೆಸರು, ಅವಡೆ ಬೆಳೆಯುವ ಸೀಮೆ ಇದು. ಉದ್ದು ಮತ್ತು ಹೆಸರಿನಲ್ಲಿ ನೂರಕ್ಕೆ 24ರ ಆಸುಪಾಸು ಪ್ರೋಟೀನ್ ಇದೆ. ಭಟ್ಟರು ಮಾತ್ರ ಬೈಂದೂರು ಕಡೆಯ ನೆಲಗಡಲೆಯನ್ನು ಹಿಡಿದುಕೊಂಡಿದ್ದಾರೆ. "ಇದ್ರಗೆ 25 ಇತ್ತಲೆ" ಎನ್ನುತ್ತಾ ಸಂಜೆಯಿಡೀ ಮೆಲ್ಲುತ್ತಾರೆ. ಅದರ ಜೊತೆಗೇ 49 ಗ್ರಾಂ ಕೊಬ್ಬೂ ಇದೆ ಎಂದು ಹೇಳುವ ಧೈರ್ಯ ನನಗಿಲ್ಲ, ಯಾಕೆಂದರೆ ಅರ್ಧ ಪೊಟ್ಟಣ ನನ್ನ ಕೈಯಲ್ಲೇ ಇರುತ್ತದೆ.

ಇಷ್ಟೆಲ್ಲ ಗ್ರಾಂ ಲೆಕ್ಕದ ನಡುವೆ ವಂಡ್ಸೆ ಹತ್ತಿರದ ಚಿತ್ತೂರಿನ ಗುರುರಾಜ ಪೂಜಾರಿ ನೆನಪಾಗುತ್ತಾರೆ. ತಂದೆ ಪಿಕಪ್ ಚಾಲಕರು, ಡಬ್ಬಿಗಳನ್ನು ಸಾಲಾಗಿ ಜೋಡಿಸಿಡುವ ಮನೆಯಲ್ಲ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು. ಎತ್ತಿದಾಗ ಸ್ನಾಯುವಿನ ಎಳೆಗಳಿಗೆ ಪೆಟ್ಟು ಬೀಳುತ್ತದೆ, ಆಮೇಲೆ ಅದನ್ನು ಕಟ್ಟಲು ಪ್ರೋಟೀನ್ ಬೇಕು. ಎತ್ತದೆ ಬರೀ ತಿಂದರೆ ಕಟ್ಟುವುದಕ್ಕೆ ಕೆಲಸವೇ ಇಲ್ಲ. ಟಿ.ವಿ. ರಿಮೋಟು ಎತ್ತಿದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ಜಿಮ್ಮಿನ ಹುಡುಗನನ್ನು ಕೇಳಿದೆ. ಅವನು ನಗಲಿಲ್ಲ.

ಕೊಬ್ಬು ಇಳಿಯಬೇಕಾದರೆ ಖರ್ಚಾಗುವುದಕ್ಕಿಂತ ಕಡಿಮೆ ಉಣ್ಣಬೇಕು, ಅದಕ್ಕೆ ಯಾವ ಡಬ್ಬಿಯಲ್ಲೂ ಒಳದಾರಿ ಇಲ್ಲ. ಪ್ರೋಟೀನ್ ಮಾಡುವ ಒಂದು ಉಪಕಾರವೆಂದರೆ ಹೊಟ್ಟೆ ಬೇಗ ತುಂಬಿದ ಹಾಗೆ ಮಾಡಿ, ಅನ್ನದ ಎರಡನೇ ಸುತ್ತನ್ನು ತಡೆಯುವುದು. ಹಾಗಾಗಿ ನನ್ನ ತೀರ್ಪು ಇಷ್ಟು: ಮೀನು ಇರಲಿ, ಇಡೀ ಮೊಟ್ಟೆ ಇರಲಿ, ಕಾಯಿ ಅರ್ಧಕ್ಕೆ ಇಳಿಯಲಿ. ಮೂತ್ರಪಿಂಡದ ತೊಂದರೆ ಇರುವವರು ನನ್ನ ಮಾತು ಕೇಳಬೇಡಿ, ಡಾಕ್ಟರನ್ನು ಕೇಳಿ. ಉಳಿದವರು ಮುಂದಿನ ಸಲ ಹುಳ್ಳಿ ಸಾರು ಮಾಡಿದಾಗ ಕಾಳನ್ನೂ ಬಡಿಸಿಕೊಳ್ಳಿ. ವಾಯುವಿನ ವಿಷಯ ಮಾತ್ರ ಮನೆಯವರ ಹತ್ತಿರ ಮೊದಲೇ ಮಾತಾಡಿಟ್ಟುಕೊಂಡಿರಿ.