‘ಆನೆ ಬಂದಿದೆ’ ಎಂದು ಫೋನಿಗೆ ಕಳಿಸುವ ವಿಧಾನ: ಗೋಪಾಲಸ್ವಾಮಿ ಬೆಟ್ಟದ ಕೈಪಿಡಿ

ಯಾರಿಗಾಗಿ: ಗುಂಡ್ಲುಪೇಟೆ ತಾಲೂಕಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಜಾವಾಸ್ಕ್ರಿಪ್ಟ್ ಬರೆದು ಹೊಟ್ಟೆ ಹೊರೆಯುತ್ತ, ಹಬ್ಬಕ್ಕೆ ಊರಿಗೆ ಬಂದಾಗ ‘ನೀನು ಕಂಪ್ಯೂಟರ್ ಓದ್ದೋನಲ್ವಾ, ಬೆಟ್ಟಕ್ಕೊಂದು ಆಪ್ ಮಾಡ್ಕೊಡು ಕನಪ್ಪ’ ಎಂದು ಹಿರಿಯರ ಕೈಗೆ ಸಿಕ್ಕಿಬಿದ್ದವರಿಗಾಗಿ. ಬೇರೆಯವರೂ ಓದಬಹುದು, ಆದರೆ ಸಹಾನುಭೂತಿಯಿಂದ ಓದಬೇಕು.

ಬೇಕಾಗುವ ಸಾಮಗ್ರಿ: ಒಂದು ಲ್ಯಾಪ್‌ಟಾಪ್, ಅದರಲ್ಲಿ ನೋಡ್ ಜೆಎಸ್, ಗೂಗಲ್‌ನ ಫೈರ್‌ಬೇಸ್ ಖಾತೆ, ಒಂದು ಬೆಟ್ಟ. ಬೆಟ್ಟವನ್ನು ಹೊಸದಾಗಿ ಒದಗಿಸಿಕೊಳ್ಳಬೇಕಾಗಿಲ್ಲ. 1,454 ಮೀಟರ್ ಎತ್ತರದ್ದು ಬಂಡೀಪುರ ಕಾಡಿನೊಳಗೇ ಇದೆ. ಹೊಯ್ಸಳರ ಬಲ್ಲಾಳ ದೊರೆ 1315ರ ಸುಮಾರಿಗೆ ಕಟ್ಟಿಸಿದನೆನ್ನುವ ವೇಣುಗೋಪಾಲನ ಗುಡಿಯೂ ಜೊತೆಗೇ ಬರುತ್ತದೆ. ಊಟಿ ರಸ್ತೆಯಲ್ಲಿ ಹಂಗಳದ ಬಳಿ ತಿರುಗಿಕೊಳ್ಳಿ. ಖಾಸಗಿ ಗಾಡಿಯನ್ನು ಮೇಲಕ್ಕೆ ಬಿಡುವುದಿಲ್ಲ, ಬುಡದಿಂದ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಬೇಕು. ಮೇಲೆ ಮಂಜು ಇರುತ್ತದೆ, ನೆಟ್‌ವರ್ಕ್ ಇರಲೂಬಹುದು.

ಯಂತ್ರದ ಪರಿಚಯ: ನಿಮ್ಮ ಕೋಡು ಭಕ್ತರ ಫೋನಿನೊಡನೆ ನೇರವಾಗಿ ಮಾತಾಡುವುದಿಲ್ಲ. ಅದು ಗೂಗಲ್‌ನ ಸರ್ವರಿಗೆ ಹೇಳುತ್ತದೆ, ಆ ಸರ್ವರು ಫೋನಿಗೆ ಹೇಳುತ್ತದೆ. ಐಫೋನಾದರೆ ನಡುವೆ ಆಪಲ್‌ನ ಸರ್ವರೂ ಕೂತಿರುತ್ತದೆ. ಒಂದೊಂದು ಆಪೂ ತನ್ನದೇ ಸಂಪರ್ಕ ತೆರೆದಿಟ್ಟುಕೊಂಡರೆ ಬ್ಯಾಟರಿ ಮಧ್ಯಾಹ್ನದೊಳಗೆ ಖಾಲಿಯಾಗುವುದರಿಂದ ಎಲ್ಲ ಆಪುಗಳಿಗೂ ಸೇರಿ ಒಂದೇ ಸಂಪರ್ಕ. ಊರಿಗೆಲ್ಲ ಒಬ್ಬನೇ ಅಂಚೆಯಣ್ಣ ಇದ್ದ ಹಾಗೆ. ಬ್ಯಾಂಕ್ ಆಪಿನ ಸೂಚನೆ, ತಿಂಡಿ ಆಪಿನ ರಿಯಾಯಿತಿ, ನಿಮ್ಮ ಆನೆ, ಮೂರೂ ಒಂದೇ ದಾರಿಯಲ್ಲಿ ಬರುತ್ತವೆ. ಈ ಸೇವೆಯನ್ನು ಈಗಿನ ಹೆಸರಿನಲ್ಲಿ, ಅಂದರೆ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್ ಎಂದು, ಗೂಗಲ್ ಶುರುಮಾಡಿದ್ದು 2016ರಲ್ಲಿ. ಬಳಕೆಗೆ ದುಡ್ಡಿಲ್ಲ.

ಮೊದಲ ಹಂತ: ಅನುಮತಿ ಕೇಳಿ. ಆಂಡ್ರಾಯ್ಡ್ 13 ಬಂದಂದಿನಿಂದ ಬಳಕೆದಾರರು ಒಪ್ಪದೆ ಒಂದು ಸೂಚನೆಯನ್ನೂ ತೋರಿಸುವಂತಿಲ್ಲ. ಆಪ್ ತೆರೆದ ಕ್ಷಣವೇ ಕೇಳಿದರೆ ಜನ ‘ಬೇಡ’ ಒತ್ತುತ್ತಾರೆ. ಬಸ್ಸಿನ ಹೊತ್ತು ನೋಡಲು ಬಂದವರನ್ನು ‘ಕೊನೆಯ ಬಸ್ಸಿಗೆ ಮುಂಚೆ ನೆನಪಿಸಲೇ?’ ಎಂದು ಕೇಳಿ ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಒಪ್ಪಿದವರ ಫೋನಿಗೊಂದು ಉದ್ದನೆಯ ಟೋಕನ್ ಸಿಗುತ್ತದೆ. ಅದನ್ನು ಜೋಪಾನ ಮಾಡಿ, ಆದರೆ ಶಾಶ್ವತವೆಂದು ನಂಬಬೇಡಿ. ಆಂಡ್ರಾಯ್ಡ್ ಫೋನೊಂದು 270 ದಿನ ಸಂಪರ್ಕಕ್ಕೇ ಬರದಿದ್ದರೆ ಅದರ ಟೋಕನ್ ಸತ್ತಂತೆ. ವರ್ಷಕ್ಕೊಮ್ಮೆ ಬೆಟ್ಟ ಹತ್ತುವ ಭಕ್ತರು ಹಳೆಯ ಫೋನನ್ನು ಡ್ರಾಯರಿನಲ್ಲಿ ಮರೆತಿದ್ದರೆ ನಿಮ್ಮ ಪಟ್ಟಿಯ ಒಂದು ಪಾಲು ಇಂಥವೇ ಆಗಿರುತ್ತದೆ.

ಎರಡನೆಯ ಹಂತ: ಫೈರ್‌ಬೇಸ್ ಕೊಡುವ ಗುಟ್ಟಿನ ಕೀಲಿಯನ್ನು ಗಿಟ್‌ಹಬ್‌ಗೆ ಏರಿಸಬೇಡಿ. ಈ ಹಂತ ಇಷ್ಟೇ.

ಮೂರನೆಯ ಹಂತ: ಕೋಡು. ಯೂಟ್ಯೂಬಿನ ಹಳೆಯ ಪಾಠಗಳು ‘ಸರ್ವರ್ ಕೀ’ ಎಂಬ ಒಂದು ಸಾಲನ್ನು ಅಂಟಿಸಲು ಹೇಳುತ್ತವೆ. ಆ ದಾರಿಯನ್ನು ಮುಚ್ಚುವುದಾಗಿ ಗೂಗಲ್ 2023ರಲ್ಲಿ ಹೇಳಿ, 2024ರಲ್ಲಿ ಮುಚ್ಚಿಯೇ ಬಿಟ್ಟಿತು. ಈಗ ಅಲ್ಪಾಯುಷ್ಯದ ಪಾಸು ಪಡೆದು ಒಳಗೆ ಹೋಗಬೇಕು. ಫೈರ್‌ಬೇಸ್‌ನ ಅಡ್ಮಿನ್ ಎಸ್‌ಡಿಕೆ ಹಾಕಿಕೊಂಡರೆ ಆ ತಾಪತ್ರಯ ಅದೇ ನೋಡಿಕೊಳ್ಳುತ್ತದೆ. ಒಂದು ಸಲಕ್ಕೆ 500 ಟೋಕನ್‌ವರೆಗೆ ಕಳಿಸಬಹುದು. ಹೆಚ್ಚು ಜನರಿದ್ದರೆ ‘ಟಾಪಿಕ್’ ಮಾಡಿ, ಬೇಕಾದವರು ಸೇರಿಕೊಳ್ಳಲಿ. ಇಲ್ಲೊಂದು ತಮಾಷೆ. ಜಾವಾಸ್ಕ್ರಿಪ್ಟ್‌ನಲ್ಲಿ ನಿಮ್ಮ ವೇರಿಯಬಲ್‌ಗೆ ‘ಆನೆ’ ಎಂದು ಕನ್ನಡದಲ್ಲೇ ಹೆಸರಿಡಬಹುದು, ಭಾಷೆ ತಕರಾರು ತೆಗೆಯುವುದಿಲ್ಲ. ಟಾಪಿಕ್‌ಗೆ ಮಾತ್ರ ಕನ್ನಡದ ಹೆಸರು ನಡೆಯದು. ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ ಅಷ್ಟೇ. ರಾಜ್ಯೋತ್ಸವದ ಭಾಷಣಕ್ಕೆ ಈ ವಿಷಯ ಬಳಸಿಕೊಳ್ಳಲು ಅಭ್ಯಂತರವಿಲ್ಲ.

ಸಂದೇಶದ ಗಾತ್ರ 4,096 ಬೈಟ್ ಮೀರಬಾರದು. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ತಿಂದರೆ ಕನ್ನಡದ ಅಕ್ಷರ, ಕೊಂಬು, ಒತ್ತಿನ ಗುರುತು, ಸೊನ್ನೆ ಒಂದೊಂದೂ ಮೂರು ಮೂರು ಬೈಟ್ ತಿನ್ನುತ್ತವೆ. ‘ಆನೆ ಬಂದಿದೆ’ ಎಂಬುದು 28 ಬೈಟ್. ಗಾಬರಿಯಾಗಬೇಡಿ, ಸ್ಥಳಪುರಾಣವನ್ನೂ ದಾನಿಗಳ ಪಟ್ಟಿಯನ್ನೂ ಸೇರಿಸದಿದ್ದರೆ ಜಾಗ ಬೇಕಾದಷ್ಟಿದೆ. ಮಲಯಾಳಂ, ತಮಿಳಿಗೂ ಇದೇ ಲೆಕ್ಕ. ಮೂರು ರಾಜ್ಯ ಕೂಡುವ ಕಡೆ ಕನ್ನಡವೊಂದರಲ್ಲೇ ಕಳಿಸಿ ಸುಮ್ಮನಾಗುವಂತಿಲ್ಲ. ಓಣಂ ಹೊತ್ತಿಗೆ ಚೆಂಡುಹೂವಿನ ಹೊಲ ನೋಡಲು ಬರುವ ಕೇರಳದವರೆಲ್ಲ ಬೆಟ್ಟಕ್ಕೂ ಬರುತ್ತಾರೆ.

ನಾಲ್ಕನೆಯ ಹಂತ: ಗಡಿಯಾರ. ದಿನವೂ ಮಧ್ಯಾಹ್ನ ಮೂರೂವರೆಗೆ ‘ಬಸ್ಸಿನ ಕಡೆ ಹೊರಡಿ’ ಎಂದು ತಾನಾಗಿ ಹೋಗಬೇಕು ಅಂದುಕೊಳ್ಳಿ. ಫೈರ್‌ಬೇಸ್‌ನಲ್ಲಿ ಅದಕ್ಕೆ ವ್ಯವಸ್ಥೆಯಿದೆ, ದುಡ್ಡು ಕಟ್ಟುವ ಯೋಜನೆಗೆ ಸೇರಬೇಕು. ಸೇರಿ 15:30 ಎಂದು ಬರೆದು ಮಲಗಿದಿರೋ, ಅದು ಅಮೆರಿಕದ ಲಾಸ್ ಏಂಜಲೀಸ್‌ನ ಮೂರೂವರೆಯಾಗಿರಬಹುದು. ಬೇರೆ ಹೇಳದಿದ್ದರೆ ಆ ಗಡಿಯಾರ ಆ ಊರಿನ ಹೊತ್ತಿಗೇ ನಡೆದೀತು. ಹಾಗಾದರೆ ಬೇಸಿಗೆಯಲ್ಲಿ ನಿಮ್ಮ ಭಕ್ತರಿಗೆ ಬೆಳಗಿನ ಜಾವ 4ಕ್ಕೆ, ಚಳಿಗಾಲದಲ್ಲಿ 5ಕ್ಕೆ ‘ಕೊನೆಯ ಬಸ್ಸು ಹೊರಡಲಿದೆ’ ಎಂಬ ಸೂಚನೆ ಹೋಗುತ್ತದೆ. ಧನುರ್ಮಾಸದಲ್ಲಾದರೆ ಎದ್ದಿದ್ದಕ್ಕೆ ಪುಣ್ಯವಾದರೂ ಬಂದೀತು, ಉಳಿದ ತಿಂಗಳು ಬೈಗುಳ. ‘ಏಷ್ಯಾ/ಕೋಲ್ಕತ್ತಾ’ ಎಂಬ ಕಾಲವಲಯವನ್ನು ಬರೆಯಲು ಮರೆಯಬೇಡಿ.

ಐದನೆಯ ಹಂತ: ಸಂದೇಶದ ಆಯಸ್ಸು. ಈ ಕೈಪಿಡಿಯಲ್ಲಿ ಒಂದೇ ಒಂದು ಹಂತ ಓದುವುದಾದರೆ ಇದನ್ನು ಓದಿ. ಫೋನು ಸಿಗದಿದ್ದರೆ ಸರ್ವರು ಸಂದೇಶವನ್ನು ಇಟ್ಟುಕೊಂಡು ಕಾಯುತ್ತದೆ. ಎಷ್ಟು ಹೊತ್ತು? ನೀವು ಹೇಳದಿದ್ದರೆ ನಾಲ್ಕು ವಾರ. ಬೆಟ್ಟದ ಮೇಲೆ ಸಿಗ್ನಲ್ ಸತ್ತ ಫೋನನ್ನು ಊಹಿಸಿಕೊಳ್ಳಿ. ಗುಡಿಯ ಹಿಂದೆ ಸಲಗ ನಿಂತಾಗ ಕಳಿಸಿದ ‘ಆನೆ ಬಂದಿದೆ, ಹೊರಗೆ ಬರಬೇಡಿ’ ಎಂಬ ಸೂಚನೆ ಅದಕ್ಕೆ ತಲುಪುವುದು ಮಾಲೀಕರು ಗುಂಡ್ಲುಪೇಟೆಯ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ. ಅವರು ಹೋಟೆಲಿನಿಂದ ಹೊರಗೆ ಬಾರದೆ ಕೂತರೆ ತಪ್ಪು ಅವರದಲ್ಲ. ಆದ್ದರಿಂದ ಇಂಥ ಸೂಚನೆಯ ಆಯಸ್ಸು ಹತ್ತು ನಿಮಿಷಕ್ಕೆ ಮೀರಬಾರದು.

ಹತ್ತು ನಿಮಿಷ ಅಂದರೆ 600 ಸೆಕೆಂಡು ಎಂದು ಲೆಕ್ಕ ಹಾಕಿ 600 ಎಂದು ಬರೆದಿರಿ. ನಿಲ್ಲಿ. ಜಾವಾಸ್ಕ್ರಿಪ್ಟ್‌ನ ಅಡ್ಮಿನ್ ಎಸ್‌ಡಿಕೆಯಲ್ಲಿ ಆಂಡ್ರಾಯ್ಡ್ ಸಂದೇಶದ ಆಯಸ್ಸನ್ನು ಎಣಿಸುವುದು ಮಿಲಿಸೆಕೆಂಡಿನಲ್ಲಿ. ನಿಮ್ಮ 600 ಅರೆ ಸೆಕೆಂಡಿಗಿಂತ ಚೂರು ಹೆಚ್ಚು, ಅಷ್ಟೇ. ಆನೆ ಕಿವಿ ಬೀಸುವುದರೊಳಗೆ ಸಂದೇಶದ ಕಥೆ ಮುಗಿದಿರುತ್ತದೆ. 6,00,000 ಬರೆಯಿರಿ, ಅಲ್ಪವಿರಾಮಗಳಿಲ್ಲದೆ. ಅದೇ ವೆಬ್ ಬ್ರೌಸರಿಗೆ ಕಳಿಸುವಾಗ ಸೆಕೆಂಡು. ಐಫೋನಿಗೆ ಕಳಿಸುವಾಗ ಎಷ್ಟು ಹೊತ್ತು ಎಂದಲ್ಲ, ಯಾವ ಗಳಿಗೆಗೆ ಮುಗಿಯಬೇಕೆಂದು ಹೇಳಬೇಕು. ಮೂರೂ ಕಡೆಯವರು ಒಟ್ಟಿಗೆ ಕೂತು ಟೀ ಕುಡಿದಿದ್ದರೆ ಇದು ಬಗೆಹರಿಯುತ್ತಿತ್ತು ಅನ್ನುವುದು ನನ್ನ ಅನಿಸಿಕೆ.

ಬಸ್ಸಿನ ಸುದ್ದಿಗೆ ಇನ್ನೊಂದು ಅನುಕೂಲವಿದೆ. ‘ಕೊಲಾಪ್ಸ್ ಕೀ’ ಎಂಬ ಗುರುತು ಹಾಕಿದರೆ ಹೊಸದು ಬಂದಾಗ ತಲುಪದೆ ಉಳಿದ ಹಳೆಯದು ಬಿದ್ದುಹೋಗುತ್ತದೆ. ಬಸ್ಸು ಹೊರಟಿತು, ನಿಂತಿತು, ಮತ್ತೆ ಹೊರಟಿತು ಎಂಬ ಮೂರರಲ್ಲಿ ಕೊನೆಯದು ಸಿಕ್ಕರೆ ಸಾಕಲ್ಲವೇ.

ದೋಷ ಪತ್ತೆ: ಕಳಿಸಿದ ಕೂಡಲೇ ಉದ್ದನೆಯ ಗುರುತಿನ ಸಂಖ್ಯೆಯೊಂದು ವಾಪಸು ಬರುತ್ತದೆ. ಇದನ್ನು ಕಂಡು ಊರಿನವರಿಗೆ ‘ತಲುಪಿತು’ ಎಂದು ಹೇಳಿಬಿಡಬೇಡಿ. ‘ತೆಗೆದುಕೊಂಡೆ’ ಎಂದು ಗೂಗಲ್ ಹೇಳಿದೆ, ‘ಕೊಟ್ಟೆ’ ಎಂದು ಹೇಳಿಲ್ಲ. ಆಪನ್ನು ಸೆಟ್ಟಿಂಗ್ಸ್‌ಗೆ ಹೋಗಿ ಬಲವಂತವಾಗಿ ನಿಲ್ಲಿಸಿದವರಿಗೆ, ಸೂಚನೆಯ ಚಾನೆಲ್ ಮುಚ್ಚಿದವರಿಗೆ, ಕೀಪ್ಯಾಡ್ ಫೋನಿನ ಅಜ್ಜಿಗೆ ಏನೂ ಕಾಣುವುದಿಲ್ಲ.

ಆರನೆಯ ಹಂತ: ಆನೆಯ ಸೂಚನೆಯನ್ನು ಯಾರಿಗೆ ಕಳಿಸಬೇಕು? ಇಷ್ಟೆಲ್ಲ ಕಲಿತ ಮೇಲೆ ಕೈ ಕಡಿಯುತ್ತಿರುತ್ತದೆ, ಸ್ವಲ್ಪ ತಡೆಯಿರಿ. ತಮಿಳುನಾಡಿನ ವಾಲ್ಪಾರೈ ಚಹಾತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಆನೆ ಸುಳಿದಾಡುವ ಕಡೆ ಸುತ್ತಲಿನವರಿಗೆ ಎಸ್‌ಎಂಎಸ್ ಕಳಿಸುವ, ಎತ್ತರದ ಜಾಗದಲ್ಲಿ ಕೆಂಪು ದೀಪ ಹೊತ್ತಿಸುವ ಏರ್ಪಾಡು ಮಾಡಿದರು. ಅದನ್ನು ಮುನ್ನಡೆಸಿದ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಮುಂದೆ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರದ ಕಡೆಯೂ ಅರಣ್ಯ ಇಲಾಖೆಯ ಜೊತೆ ಸೇರಿ ಎಸ್‌ಎಂಎಸ್, ಧ್ವನಿ ಕರೆ, ರಸ್ತೆ ಬದಿಯ ಫಲಕ ಬಳಸಿದರು. ಆಪ್ ಇಲ್ಲದವರಿಗೂ ಎಸ್‌ಎಂಎಸ್ ಹೋಗುತ್ತದೆ, ಓದಲು ಬಾರದವರಿಗೂ ದೀಪ ಕಾಣುತ್ತದೆ. ನಿಮ್ಮ ಜಾವಾಸ್ಕ್ರಿಪ್ಟ್‌ಗಿಂತ ಅದು ಹಳೆಯ ಕಾಲದ್ದು, ಹೆಚ್ಚು ಗಟ್ಟಿ ಕೂಡ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಓದುವವರಲ್ಲಿದೆ. ಕಾಫಿ ತೋಟದ ಕೂಲಿಯವರಿಗೆ ‘ಆನೆ ಬಂದಿದೆ’ ಎಂದರೆ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. ಗೋಪಾಲಸ್ವಾಮಿ ಬೆಟ್ಟದ ಪ್ರವಾಸಿಗರಿಗೆ ಅದೇ 28 ಬೈಟ್ ಕಳಿಸಿ ನೋಡಿ, ಆ ದಾರಿಯಲ್ಲೇ ಬರುತ್ತಾರೆ, ಕ್ಯಾಮೆರಾ ತೆರೆದುಕೊಂಡು. ಗುಡಿಯ ಅಂಗಳಕ್ಕೆ ಬಂದ ಸಲಗದ ವಿಡಿಯೊಗಳು ವಾಟ್ಸಾಪಿನಲ್ಲಿ ಎಷ್ಟು ಓಡಾಡಿವೆ ನೋಡಿ; ಒಂದರಲ್ಲಾದರೂ ಎಲ್ಲರೂ ಹಿಂದೆ ಸರಿಯುತ್ತಿರುವುದು ಕಂಡಿದೆಯೇ? ಫೋನ್ ಹಿಡಿದ ಕೈ ಒಂದಾದರೂ ಮುಂದೆ ಚಾಚಿರುತ್ತದೆ.

ಹಾಗಾಗಿ ಈ ಕೈಪಿಡಿಯ ಶಿಫಾರಸು ಹೀಗಿದೆ. ಎರಡು ಪಟ್ಟಿ ಮಾಡಿ. ಬಸ್ಸಿನವರು, ಅರ್ಚಕರು, ಅರಣ್ಯ ಸಿಬ್ಬಂದಿ, ಬುಡದ ಟಿಕೆಟ್ ಕೌಂಟರಿನವರು ಒಂದರಲ್ಲಿರಲಿ. ನಾಲ್ಕಾರು ಜನರ ಪಟ್ಟಿಯಾದ್ದರಿಂದ ಟಾಪಿಕ್ ಬೇಡ, ಟೋಕನ್‌ಗೇ ನೇರ ಕಳಿಸಿ, ಅದು ಬೇಗ ಹೋಗುತ್ತದೆ. ಆನೆಯ ಸುದ್ದಿ ಇವರಿಗೆ ಮಾತ್ರ. ಬಸ್ಸನ್ನು ಬುಡದಲ್ಲೇ ತಡೆಯಬಲ್ಲವರು, ಗುಡಿಯ ಬಾಗಿಲು ಮುಚ್ಚಬಲ್ಲವರು ಇವರೇ. ಉಳಿದ ಸಾವಿರಾರು ಫೋನುಗಳಿಗೆ ಬಸ್ಸಿನ ಹೊತ್ತು, ಮಂಜು, ಮಳೆ ಸಾಕು. ಆನೆ ಅಂಗಳದಲ್ಲಿದ್ದ ದಿನ ಅವರಿಗೆ ಹೋಗಬೇಕಾದ ಸಾಲು ಇದು: ‘ಮುಂದಿನ ಬಸ್ಸು ತಡವಾಗಲಿದೆ.’ ಕಾರಣ ಬರೆಯಬೇಡಿ.