ಮಂದಿ ಮಳೆ

ಬೇಸಿಗೆಯ ರಾತ್ರಿ ಊಟ ಮುಗಿಸಿ ತೆಲಸಂಗದಲ್ಲಿ ಮಾಳಿಗೆ ಹತ್ತುವವರು ಎರಡು ನಮೂನೆ. ಸೆಕೆ ತಾಳಲಾರದೆ ಹಾಸಿಗೆ ಹೊತ್ತುಕೊಂಡು ಹೋಗುವವರು ಒಂದು, ಮಿಂಚು ನೋಡಲು ಹೋಗುವವರು ಇನ್ನೊಂದು. ಮೊದಲಿನವರಿಗೆ ನಿದ್ದೆಯಾದರೂ ಬರುತ್ತದೆ. ನಾನು ಎರಡನೆಯ ನಮೂನೆ.

ಅಶ್ವಿನಿ ಮಳೆ ಕೂಡಿತೆಂದರೆ, ಅಂದರೆ ಏಪ್ರಿಲ್ ಅರ್ಧಕ್ಕೆ ಬಂತೆಂದರೆ, ನಮ್ಮ ಮಾಳಿಗೆಯ ಮೇಲೆ ಮೂವರ ಹವಾಮಾನ ಕಚೇರಿ ಶುರುವಾಗುತ್ತದೆ. ದ್ರಾಕ್ಷಿ ತೋಟದ ಕಾಕಾ, ಜೋಳದ ಹೊಲದ ಮಾವ, ಎರಡೂ ಇಲ್ಲದ ನಾನು. ಕಚೇರಿಯ ಆಸ್ತಿಯೆಂದರೆ ಒಂದು ತಂಬಿಗೆ ನೀರು, ಕಾಕಾನ ಎಲೆ-ಅಡಿಕೆಯ ಚಂಚಿ, ನನ್ನ ಮೊಬೈಲು, ಕೂಡ್ರಲು ಒಂದು ಫರಸಿ ಕಲ್ಲು. ಅದರ ಮೇಲೆ ಹಳೆ ಕಂಬಳಿ.

ಮಿಂಚು ನೋಡಲು ನಮ್ಮೂರಿನಷ್ಟು ಸೋವಿಯ ಜಾಗ ಇನ್ನೊಂದಿಲ್ಲ. ಅಡ್ಡ ಬರಲು ಗುಡ್ಡವಿಲ್ಲ, ಕಾಡಿಲ್ಲ. ಮೂಡಲಕ್ಕೆ ಮಿಂಚಿದರೆ ವಿಜಯಪುರ, ಪಡುವಲಕ್ಕಾದರೆ ಅಥಣಿ, ತೆಂಕಲಿಗೆ ಜಮಖಂಡಿ, ಬಡಗಲಿಗೆ ಜತ್ತ. ಜತ್ತ ಮಹಾರಾಷ್ಟ್ರದ್ದು. ಆದರೆ ಮೋಡಗಳು 1967ರ ಮಹಾಜನ ಗಡಿ ವರದಿ ಓದಿದವಲ್ಲ. ಅಲ್ಲಿ ನೀರು ತುಂಬಿಕೊಂಡು ಇಲ್ಲಿ ಸುರಿಯುತ್ತವೆ, ಇಲ್ಲಿ ಗುಡುಗಿ ಅಲ್ಲಿ ಸುರಿಯುತ್ತವೆ. ಹೆಚ್ಚಾಗಿ ಎರಡನೆಯದೇ.

ನಮ್ಮದು ಮಳೆ ನೆರಳಿನ ನಾಡು. ಮುಂಗಾರು ತನ್ನ ಗಂಟನ್ನೆಲ್ಲ ಘಟ್ಟದ ಮೇಲೆ ಬಿಚ್ಚಿ, ಬರಿಗೈಯಲ್ಲಿ ನಮ್ಮ ಕಡೆ ಬಂದು ಮುಖ ತೋರಿಸಿ ಹೋಗುತ್ತದೆ. ನಮಗೆ ಗಟ್ಟಿ ಮಳೆ ಎಂದರೆ ಗುಡುಗಿನ ಮಳೆಯೇ: ಬೇಸಿಗೆಯ ಅಡ್ಡಮಳೆ, ಆಮೇಲೆ ಹಸ್ತ-ಚಿತ್ತದ ಹಿಂಗಾರಿ. ಹಗಲೆಲ್ಲ ಕಾದ ನೆಲದ ಬಿಸಿಗೆ ಹಬೆ ಮೇಲೇರಿ, ಸಂಜೆಗೆ 12-15 ಕಿಲೋಮೀಟರ್ ಎತ್ತರದ ಗೋಪುರ ಕಟ್ಟುತ್ತದೆ. ಅಷ್ಟೆತ್ತರದ ಮೋಡದ ಮಿಂಚು ರಾತ್ರಿ ಹೊತ್ತು 100 ಕಿ.ಮೀ. ಆಚೆಗೂ ಕಾಣಿಸುತ್ತದೆ. ಗುಡುಗಿಗೆ ಮಾತ್ರ ಆ ಕಾಲಬಲವಿಲ್ಲ, 15-20 ಕಿ.ಮೀ. ನಡೆಯುವಷ್ಟರಲ್ಲಿ ಅದರ ಉಸಿರು ಕಟ್ಟುತ್ತದೆ. ಹೀಗಾಗಿ ನಮ್ಮ ಪಾಲಿಗೆ ಬರುವುದು ಬಹುಪಾಲು ಮೂಕಿ ಸಿನಿಮಾ. ಅದೂ ಮಂದಿ ಊರಿನ ಮಳೆಯದು.

ಗುಡುಗು ಕೇಳಿಸಿದ ದಿನ ಕಚೇರಿಯಲ್ಲಿ ಜಗಳ. ಮಿಂಚು ಕಂಡ ಗಳಿಗೆಯಿಂದ ಎಣಿಸುತ್ತ ಹೋಗಬೇಕು, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ನಾನೇ ಕಲಿಸಿಕೊಟ್ಟಿದ್ದೆ. ಕಾಕಾ ಬಾಯಲ್ಲಿ ಎಲೆ-ಅಡಿಕೆ ಇಟ್ಟುಕೊಂಡು ಬಲು ನಿಧಾನ ಎಣಿಸುತ್ತಾನೆ. ಮಾವ ಸಂತೆಯಲ್ಲಿ ನೋಟು ಎಣಿಸಿದಂತೆ ದಡದಡ ಎಣಿಸುತ್ತಾನೆ. ಒಂದೇ ಸಿಡಿಲು ಕಾಕಾನ ಲೆಕ್ಕದಲ್ಲಿ ಊರ ಅಗಸಿಯಲ್ಲಿ ಬಿದ್ದಿದ್ದರೆ, ಮಾವನ ಲೆಕ್ಕದಲ್ಲಿ ಪರ ಊರಿನಲ್ಲಿ ಬಿದ್ದಿರುತ್ತದೆ.

ವಿಚಿತ್ರವೆಂದರೆ ಇಬ್ಬರ ಲೆಕ್ಕವೂ ಅವರವರ ಆಸೆಗೆ ತಿರುವುಮುರುವು. ಕಾಕಾನ ಶೆಡ್ಡಿನ ರ್ಯಾಕುಗಳಲ್ಲಿ ಕಡೆಯ ಸುತ್ತಿನ ಮನೂಕ ಒಣಗುತ್ತಿತ್ತು. ಹನ್ನೊಂದು ದಿನವಾಗಿತ್ತು, ಇನ್ನು ನಾಲ್ಕು ದಿನ ಬಿಸಿಲು ಕಾದರೆ ಸಾಕು. ನೀರು ಸೋಕಿತೋ, ಬಣ್ಣ ಕೆಟ್ಟು ದರ ಬಿದ್ದುಹೋಗುತ್ತದೆ. ಮಾವನಿಗೋ ಮಳೆ ಬೇಕೇ ಬೇಕು. ಒಂದು ಹದ ಬಿದ್ದರೆ ಹೊಲ ಹರಗಬಹುದು. ಬಾರದಿರಲಿ ಎನ್ನುವವನಿಗೆ ಅದು ಅಗಸಿಗೇ ಬಂದಂತೆ ಕಾಣುವುದು, ಬರಲಿ ಎನ್ನುವವನಿಗೆ ದೂರವೇ ಕಾಣುವುದು. ಒಂದೇ ಕಲ್ಲಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು ಒಂದೇ ಮೋಡಕ್ಕೆ ಎರಡು ಹರಕೆ. ಮೋಡವೂ ಯಾರ ಮನಸ್ಸೂ ನೋಯದಂತೆ ಜತ್ತದ ಕಡೆ ಹೊರಳುತ್ತಿತ್ತು.

ನನ್ನ ಪಕ್ಷ ವಿಜ್ಞಾನದ್ದು. ಮೊಬೈಲಿನಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ, 20 ಕಿ.ಮೀ., 40 ಕಿ.ಮೀ. ಸುತ್ತಿನಲ್ಲಿ ಸಿಡಿಲು ಬಿದ್ದರೆ ತಿಳಿಸುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು ‘ಸಿಡಿಲು’. ಅಮೆರಿಕದಲ್ಲಿ ಡೇವಿಡ್ ಹೋಡ್ಲಿ ಎನ್ನುವವರು 1956ರಿಂದಲೇ ಬಿರುಗಾಳಿಯ ಬೆನ್ನು ಹತ್ತಿ ಕಾರು ಓಡಿಸುತ್ತಿದ್ದರು ಎಂದು ಒಂದು ದಿನ ಹೇಳಿದೆ. ಕಾಕಾ ಎಲೆಗೆ ಸುಣ್ಣ ಸವರುತ್ತ ಕೇಳಿದ: “ಅಂವಂದು ದ್ರಾಕ್ಷಿ ಇತ್ತೇನು?”

“ಇಲ್ಲ ಕಾಕಾ.”

“ಅದಕ್ಕ ಮತ್ತ.”

ಈ ಕಚೇರಿಯ ಮೇಲಧಿಕಾರಿ ನನ್ನ ಹೆಂಡತಿ. ಅಂಗಳದಲ್ಲಿ ನಿಂತೇ ಆಜ್ಞೆ ಹೊರಡಿಸುತ್ತಾಳೆ. “ಸಿಡಲ ಬಡದು ದೇಶದಾಗ ವರ್ಷಕ್ಕ ಎರಡ ಸಾವಿರದ ಮ್ಯಾಲ ಮಂದಿ ಸಾಯತಾರಂತ ನೀವ ಓದಿ ಹೇಳೀರಿ. ಗುಡಗ ಕೇಳಿದ ಕೂಡಲೆ ಮನಿ ಒಳಗ ಹೋಗಬೇಕಂತನೂ ನೀವ ಹೇಳೀರಿ. ಹೇಳಿ ಮಾಳಿಗಿ ಹತ್ತೀರಿ. ಇಳೀರಿ ಕೆಳಗ!” ಉತ್ತರವಿಲ್ಲದ ಮಾತು. ಮಿಂಚಿನ ವಿಷಯದಲ್ಲಿ ಓಣಿಯಲ್ಲೇ ಹೆಚ್ಚು ಓದಿಕೊಂಡವನು ನಾನು. ಓಣಿಯಲ್ಲೇ ಎತ್ತರದ ಮಾಳಿಗೆಯೂ ನನ್ನದೇ.

ಹೀಗಿರುವಾಗ ಒಂದು ರಾತ್ರಿ ಒಂಬತ್ತರ ಸುಮಾರಿಗೆ ತೆಂಕಲು ಬೆಳಗತೊಡಗಿತು. ಜಮಖಂಡಿ ಪಾಲಾಯಿತು ಎಂದು ಆರಾಮಾಗಿ ಕೂತೆವು. ಮೋಡದ ಹೊಟ್ಟೆಯೊಳಗೆ ಯಾರೋ ಕಂದೀಲು ಹಿಡಿದು ಓಡಾಡಿದಂತೆ ಬೆಳಕು ಹೊರಳುತ್ತಿತ್ತು. “ಏನ್ ಚಂದ!” ಎಂದ ಮಾವ. ಕಾಕಾ ಕೂಡ ಹೂಂಗುಟ್ಟಿದ. ಅಷ್ಟರಲ್ಲಿ ತಣ್ಣನೆಯ ಗಾಳಿಯೊಂದು ಬೀಸಿತು. ಹಿಂದೆಯೇ ಹಸಿ ಮಣ್ಣಿನ ವಾಸನೆ, ಅದರ ಹಿಂದೆ ಕಣ್ತುಂಬ ಧೂಳು. ಕಿಸೆಯಲ್ಲಿ ದಾಮಿನಿ ಕೂಗಿಕೊಂಡಳು. ಯಾರೂ ಕಿಸೆಗೆ ಕೈ ಹಾಕಲಿಲ್ಲ.

ಕಾಕಾ ಚಂಚಿ ಬಿಟ್ಟು, ಚಪ್ಪಲಿಯನ್ನೂ ಬಿಟ್ಟು, ತಾಡಪತ್ರಿ ಎನ್ನುತ್ತ ಬೈಕಿಗೆ ಓಡಿದ. ಮಳೆ ಬೇಕೆಂದ ಮಾವನಿಗೆ ಆಗ ಕಣಿಕೆಯ ಬಣವಿ ತೆರೆದಿಟ್ಟದ್ದು ನೆನಪಾಗಿ, ಅವನೂ ತಾಡಪತ್ರಿ ಎನ್ನುತ್ತಲೇ ಓಡಿದ. ಕರೆಂಟು ಹೋಯಿತು. ಕೆಳಗಿನಿಂದ ಹೆಂಡತಿಯ ದನಿ: “ಬೆಳಕಿಂಡಿ ಮುಚ್ಚರಿ! ಆಯಿ ಹಾಸಿಗಿ ತೋಯ್ತು!”

ಬೆಳಕಿಂಡಿಯ ಮುಚ್ಚಳಗಲ್ಲಿಗಾಗಿ ಕತ್ತಲಲ್ಲಿ ಮಾಳಿಗೆಯೆಲ್ಲ ಅಂಬೆಗಾಲಿಕ್ಕಿದೆ. ಹನಿ ಬೆನ್ನಿಗೆ ಹರಳಿನಂತೆ ಬಡಿಯುತ್ತಿತ್ತು, ನೆತ್ತಿಯ ಮೇಲೆ ಸಿಡಿಲು. ಎಣಿಸಲು ಒಂದು ಎನ್ನುವಷ್ಟೂ ಪುರುಸೊತ್ತು ಕೊಡಲಿಲ್ಲ ಅದು. ಕಡೆಗೆ ಕಂಬಳಿಗೆ ಕಾಲು ತೊಡರಿ ಬಿದ್ದಾಗಲೇ ಹೊಳೆದದ್ದು: ಆ ಕಲ್ಲಿನ ಮೇಲೇ ನಾವು ಹದಿನೈದು ದಿನ ಕಚೇರಿ ನಡೆಸಿದ್ದೆವು.

ಮರುದಿನ ಮುಂಜಾನೆ ಕಾಕಾ ಮೊಣಕಾಲ ಮಟ ಕೆಸರು ಮೆತ್ತಿಕೊಂಡು ಬಂದ. ಎರಡು ರ್ಯಾಕು ಹೋಗಿದ್ದವು, ಉಳಿದದ್ದು ಉಳಿದಿತ್ತು. ಮಾವನ ಹೊಲ ಹದವಾಗಿತ್ತು, ಬಣವಿ ಅರ್ಧ ತೋಯ್ದಿತ್ತು. ರಾತ್ರಿ ಮಿಂಚು ಹೇಗಿತ್ತು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡೆವು. ಹದಿನೈದು ದಿನ ಮಂದಿ ಮಳೆಯ ಮಿಂಚನ್ನು ಎಣಿಸಿದವರು, ನಮ್ಮ ಮಳೆಯದು ಒಂದನ್ನೂ ನೋಡಿರಲಿಲ್ಲ.

ಒಳಗೆ ಆಯಿ ಒದ್ದೆ ಕೌದಿ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ಬೈಗುಳ ಎದುರು ನೋಡುತ್ತ ಬಾಗಿಲಲ್ಲಿ ನಿಂತೆ. “ಕಲ್ಲ ಮುಚ್ಚೂದಕ ಅವಸರ ಮಾಡಿದಿ ನೋಡಪಾ,” ಎಂದಳು ಆಯಿ. “ಮಲಗಿದಲ್ಲೇ ಭಾಳ ಚಂದ ಕಾಣಾಕತ್ತಿತ್ತು.”