ಬಿಡುವುದಕ್ಕೊಂದು ಖರೀದಿ

ಮೂವತ್ತು ದಿನ ‘ಕ್ಲೀನ್ ಈಟಿಂಗ್’ ಮಾಡಬೇಕೆಂದರೆ ಅದಕ್ಕೂ ಮೊದಲಿನ ಮೂವತ್ತು ದಿನ ಕಂಡದ್ದನ್ನೆಲ್ಲ ತಿನ್ನಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದೀಗ ಶಾಸ್ತ್ರವೇ ಆಗಿಬಿಟ್ಟಿದೆ. ಶನಿವಾರ ಗಾಂಧಿಬಜಾರಿನ ಮಸಾಲೆ ದೋಸೆ, ಭಾನುವಾರ ಮಲ್ಲೇಶ್ವರದ ಬೆಣ್ಣೆ ದೋಸೆ, ನಡುವೆ ಬಾಯಿ ಬೇಸರ ಬಂದರೆ ದೊನ್ನೆ ಬಿರಿಯಾನಿ. ಒಂದನೇ ತಾರೀಕಿನಿಂದ ಹೇಗೂ ಬಿಡುವವರಿದ್ದೀವಲ್ಲ! ಈ ಬೀಳ್ಕೊಡುಗೆ ಸಮಾರಂಭಗಳಲ್ಲಿ ತೂಕ ಏರಿದರೂ ಗಾಬರಿಯಿಲ್ಲ. ‘ಮೊದಲು’ ಮತ್ತು ‘ನಂತರ’ ಎಂಬ ಎರಡು ಫೋಟೊಗಳಲ್ಲಿ ‘ಮೊದಲು’ ಎಷ್ಟು ದುಂಡಗಿದ್ದರೆ ‘ನಂತರ’ ಅಷ್ಟು ಸೊಗಸು ಎಂದು ಕೋಚ್ ಮೇಡಂ ಅಭಯ ಕೊಟ್ಟಿದ್ದಾರೆ.

ಆಮೇಲೆ ಖರೀದಿ. ಕಡಿಮೆ ತಿನ್ನುವುದಕ್ಕೆ ಇಷ್ಟೊಂದು ಸಾಮಾನು ಬೇಕೆಂದು ಬರಗಾಲ ಕಂಡ ನಮ್ಮ ಹಿರಿಯರಿಗೆ ತಿಳಿದಿರಲಿಲ್ಲ, ಪಾಪ. ಏರ್ ಫ್ರೈಯರ್ ಬಂತು, ಗಾಜಿನ ಡಬ್ಬಗಳು ಬಂದವು, ಬಾದಾಮಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಲು ಅಕ್ಕಸಾಲಿಗನೂ ನಾಚುವಂಥ ತಕ್ಕಡಿ ಬಂತು. ಆಂಡಿಸ್ ಪರ್ವತದ ಕಿನೋವಾ ಬಂತು. ನೂರು ಗ್ರಾಮಿಗೆ 340 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಹೊತ್ತ ರಾಗಿ ಮಾತ್ರ ಡಬ್ಬದ ತಳದಲ್ಲೇ ಕೂತಿತ್ತು. ಅದಕ್ಕೆ ಪಾಸ್‌ಪೋರ್ಟ್ ಇರಲಿಲ್ಲ. ನವಣೆ, ಸಾಮೆಗಳಿಗೆ 2023ರಲ್ಲಿ ವಿಶ್ವಸಂಸ್ಥೆ ‘ಸಿರಿಧಾನ್ಯ ವರ್ಷ’ ಎಂಬ ವೀಸಾ ಕೊಟ್ಟಿದ್ದರಿಂದ ಅವೂ ಜಿಪ್ ಇರುವ ಚೀಲಗಳಲ್ಲಿ ಒಳಗೆ ಬಂದವು. ಸಕ್ಕರೆ ಹೊರಗೆ ಹೋಗಿ ಸಾವಯವ ಬೆಲ್ಲ ಒಳಗೆ ಬಂತು. ಮಂಡ್ಯದ ಒಂದೇ ಗದ್ದೆಯ ಕಬ್ಬು ಕಾರ್ಖಾನೆಗೆ ಹೋದರೆ ವಿಷ, ಆಲೆಮನೆಗೆ ಹೋದರೆ ಅಮೃತ!

ಇಷ್ಟೆಲ್ಲ ಕೊಂಡಾದ ಮೇಲೆ ನಿಯಮಾವಳಿ ಬಂತು. 2009ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಹೋಲ್30’ ಎಂಬ ಕ್ರಮದ ಪ್ರಕಾರ ಮೂವತ್ತು ದಿನ ಸಕ್ಕರೆ ಇಲ್ಲ, ಬೆಲ್ಲವೂ ಇಲ್ಲ. ಯಾವ ಧಾನ್ಯವೂ ಇಲ್ಲ, ಕಿನೋವಾ ಕೂಡ. ಬೇಳೆಕಾಳು ಇಲ್ಲ. ಹಾಲು ಮೊಸರು ಇಲ್ಲ. ಅಂದರೆ ಇಡ್ಲಿ, ದೋಸೆ, ಮುದ್ದೆ, ಹುಳಿ, ಸಾರು, ಕೋಸಂಬರಿ ಎಲ್ಲಕ್ಕೂ ಒಂದೇ ಏಟು. ಒಗ್ಗರಣೆಯ ನಾಲ್ಕು ಉದ್ದಿನಬೇಳೆ ಸಹ ಅಪರಾಧವೇ. ಉಳಿದದ್ದು ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು. ನಾಲ್ಕನೇ ಮಹಡಿಯ ಸಸ್ಯಾಹಾರಿ ದಂಪತಿ ಅದರಲ್ಲಿ ಮೊದಲ ಮೂರನ್ನು ಕಳೆದು ನೋಡಿದರು. ಹೀರೇಕಾಯಿ ಉಳಿಯಿತು.

ಆ ಮನೆಯ ಅತ್ತೆಗೆ ಪಟ್ಟಿ ಓದಿ ಹೇಳಿದಾಗ ಅವರು ಕನ್ನಡಕ ಸರಿಮಾಡಿಕೊಂಡು, “ಇದು ದ್ವಿದಳ ವ್ರತ ಅಲ್ವೇನೇ? ಇದಕ್ಕೆ ಫೀಸು ಯಾಕೆ ಕೊಟ್ಟೆ?” ಎಂದರಂತೆ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿ ಬಿಡಬೇಕು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ಒಂದರ ಹಿಂದೊಂದು ನಾಲ್ಕು ಚಾಲೆಂಜು, ಕೋಚ್ ಇಲ್ಲದೆ, ಫೋಟೊ ಇಲ್ಲದೆ! ಮೊಸರು ಬಿಟ್ಟ ತಿಂಗಳು ಮಜ್ಜಿಗೆಗೂ, ಹಾಲು ಬಿಟ್ಟ ತಿಂಗಳು ಮೊಸರಿಗೂ ದಾರಿ ತೆರೆದಿಟ್ಟ ಹಿರಿಯರು ಮನುಷ್ಯಸ್ವಭಾವವನ್ನು ಯಾವ ಕೋಚ್‌ಗಿಂತಲೂ ಚೆನ್ನಾಗಿ ಬಲ್ಲವರು. ಹಾಗೆಂದು ಅತ್ತೆಯನ್ನೂ ಪೂರ್ತಿ ನಂಬುವಂತಿಲ್ಲ: ತರಕಾರಿ ಬಿಟ್ಟ ತಿಂಗಳು ಅವರು ಮಾವಿನಕಾಯಿ ಗೊಜ್ಜನ್ನು ಬಡಿಸಿಕೊಳ್ಳುವ ವೈಖರಿಯಲ್ಲಿ ವೈರಾಗ್ಯವೇನೂ ಕಾಣುವುದಿಲ್ಲ. ಆದರೂ ಸೊಸೆಯ ವಾದ ಗಟ್ಟಿ. “ಅದು ಮಡಿ ಅತ್ತೆ, ಇದು ಸೈನ್ಸು.”

ಈ ಸೈನ್ಸಿನ ಪೂರ್ತಿ ಹೊರೆ ಬೀಳುವುದು ಅಡುಗೆಯವಳ ತಲೆಯ ಮೇಲೆ. ಶುರುವಿಗೆ ಮೊದಲೇ ತಾಲೀಮು: ಯಜಮಾನರಿಗೆ ಹೂಕೋಸು ತುರಿದ ‘ಅನ್ನ’, ಯಜಮಾನತಿಗೆ ಹೀರೇಕಾಯಿ ‘ನೂಡಲ್ಸ್’, ವ್ರತಕ್ಕೆ ಸಹಿ ಹಾಕದ ಮಕ್ಕಳಿಗೆ ಪೂರಿ. ಹೂಕೋಸು ತುರಿಯುತ್ತ ಅವಳು, “ಅಕ್ಕಾ, ಅಕ್ಕಿ ಏನಾದ್ರೂ ಮುಗಿದೋಯ್ತಾ?” ಎಂದು ಕೇಳಿದಳಂತೆ. ಮಧ್ಯಾಹ್ನ ಅವಳ ಡಬ್ಬಿಯಲ್ಲಿ ಮುದ್ದೆ, ಸೊಪ್ಪಿನ ಬಸ್ಸಾರು. ಆ ಡಬ್ಬಿ ತೆರೆದಾಗ ಯಜಮಾನರಿಗೆ ಅಡುಗೆಮನೆಯಲ್ಲೇ ಏನೋ ಕೆಲಸ ನೆನಪಾಗುತ್ತದೆ.

ಇನ್ನು ಉಳಿದಿರುವುದು ಶುರು ಮಾಡುವ ದಿನವೊಂದೇ. ಶ್ರಾವಣದಲ್ಲಿ ಹಬ್ಬಗಳ ಸಾಲು, ಭಾದ್ರಪದದಲ್ಲಿ ಕಡುಬು, ದೀಪಾವಳಿಗೆ ಊರು. ಜನವರಿ ಒಂದಕ್ಕೆ ಇಟ್ಟುಕೊಂಡರೆ ಹದಿನೈದು ದಿನ ಕಳೆಯುವಷ್ಟರಲ್ಲಿ ಸಂಕ್ರಾಂತಿ. ಎಳ್ಳುಬೆಲ್ಲದ ಬಟ್ಟಲಲ್ಲಿ ಬೆಲ್ಲ, ಹುರಿಗಡಲೆ, ಕಡಲೆಬೀಜ, ಸಕ್ಕರೆ ಅಚ್ಚು, ನಿಷೇಧಿತರೆಲ್ಲ ಒಟ್ಟಿಗೇ ಸಭೆ ಸೇರಿರುತ್ತಾರೆ. ಕೊನೆಗೆ ವಾಟ್ಸ್ಯಾಪ್ ಗುಂಪಿನಲ್ಲಿ ಮತದಾನ ನಡೆದು ಫೆಬ್ರವರಿ ಅವಿರೋಧವಾಗಿ ಗೆದ್ದಿತು. 28 ದಿನಕ್ಕೇ ತಿಂಗಳು ಮುಗಿಯುತ್ತದೆ, ಎರಡು ದಿನ ಲಾಭ. ಶಿವರಾತ್ರಿಯ ಉಪವಾಸ ಅದರಲ್ಲೇ ಬಂದರೆ ಅದನ್ನೂ ಜಮಾ ಹಿಡಿಯಬಹುದೇ ಎಂದು ಕೋಚ್ ಮೇಡಂಗೆ ಕೇಳಿದ್ದಾರೆ. ಉತ್ತರ ಬಂದಿಲ್ಲ. ಅವರು ಅವರೆಬೇಳೆ ಮೇಳದಲ್ಲಿ ಹಿತಕಿದಬೇಳೆ ದೋಸೆಗೆ ಕ್ಯೂ ನಿಂತಿದ್ದನ್ನು ನೋಡಿದವರಿದ್ದಾರೆ. ಮೇಡಂಗೂ ಬೀಳ್ಕೊಡುಗೆ ಬೇಡವೇ?